ನೀಲಕಂಠ ಮಾಸ್ತರನ ಖಣದ ಕಪ್ಪೆ

ಹುಣಸಗಿ ಬಸ್ ಸ್ಟ್ಯಾಂಡಿನ ಎದುರು, ಒಂದು ಕಿರಾಣಿ ಅಂಗಡಿಗೂ ಒಂದು ಸೈಕಲ್ ಶಾಪಿಗೂ ನಡುವೆ ಒತ್ತಿಕೊಂಡು ಕೂತ ಟೇಲರ್ ಅಂಗಡಿಯ ನೀಲಕಂಠ ಗಾಳ ಹಾಕಿ ಮೀನು ಹಿಡಿಯುತ್ತಿದ್ದ ಎಂದರೆ ಅರ್ಧ ಊರು ಇವತ್ತಿಗೂ ನಂಬುವುದಿಲ್ಲ. ಇನ್ನರ್ಧ ಊರು ನಕ್ಕು ನಕ್ಕು ಸುಸ್ತಾಗಿ ಸುಮ್ಮನಾಗಿದೆ. ನಂಬದವರದೂ ತಪ್ಪಲ್ಲ ಬಿಡಿ. ಕೊರಳಲ್ಲಿ ಲಿಂಗ, ಅದರ ಮೇಲೆ ಅಳತೆಯ ಟೇಪು, ಹಣೆಗೆ ಮೂರು ಬೆರಳಿನ ವಿಭೂತಿ, ಇದು ಅವನ ಅವತಾರ. ಅವನ ಹೆಂಡತಿ ಭಾಗಮ್ಮ ಇನ್ನೂ ಒಂದು ಕೈ ಮೇಲು. ಪಂಚಾಂಗದಲ್ಲಿ ಮೀನರಾಶಿ ಬಂದರೆ ಅದನ್ನು ಬಾಯಲ್ಲಿ ಆಡದೆ 'ಕಡೇ ರಾಶಿ' ಎಂದು ಓದುವ ಹೆಣ್ಣುಮಗಳು. ಇಂಥ ಮನೆಯಿಂದ ಒಬ್ಬ ಗಾಳದವನು ಹುಟ್ಟಿದನೆಂದರೆ ಅದರ ಪಾಪವೋ ಪುಣ್ಯವೋ ಕಾಲುವೆಗೇ ಸೇರಬೇಕು.

ನಾರಾಯಣಪುರದಿಂದ ಎಡದಂಡೆ ಕಾಲುವೆಯ ನೀರು ಹುಣಸಗಿ ಸೀಮೆಗೆ ಬಂದಾಗ ಜನ ಭತ್ತ ನೋಡಿದರು, ಶೇಂಗಾ ನೋಡಿದರು, ಎರಡು ಬೆಳೆ ನೋಡಿದರು. ನೀರಿನ ಜೊತೆ ಮೀನೂ ಬಂದದ್ದನ್ನು ಮೊದಲು ನೋಡಿದವನು ಸೈಕಲ್ ಶಾಪಿನ ಖಾಜಾಮಿಯಾ. ಅವನು ಹೈದರಾಬಾದಿನ ಕಡೆಯವನು. ಕಾಲುವೆ ಅಗೆಯುವ ಯಂತ್ರಗಳ ರಿಪೇರಿಗೆಂದು ಬಂದು, ಕೆಲಸ ಮುಗಿದ ಮೇಲೂ ಹೋಗದೆ ಇಲ್ಲೇ ಸೈಕಲ್ ಪಂಕ್ಚರ್ ಹಾಕಿಕೊಂಡು ಉಳಿದುಬಿಟ್ಟಿದ್ದ. ಅವನ ಅಜ್ಜ ಹಿಂದೆ ಅಲ್ಲಿಯ ಕೆರೆಗಳ ಮೇಲೆ ದೊಡ್ಡ ದೊಡ್ಡ ಸಾಹೇಬರಿಗೆ ಗಾಳದ ಕೋಲು ಹೊತ್ತವನಂತೆ. ಅಜ್ಜನ ಹಿತ್ತಾಳೆಯ ಗಿರಕಿಯೊಂದು ಖಾಜಾಮಿಯಾನ ಹತ್ತಿರ ಉಳಿದಿತ್ತು. ಕೋಲಿಗೆ ಅದನ್ನು ಕಟ್ಟಿ ದಾರ ಸುತ್ತಿಕೊಂಡು, ಬೇಕಾದಾಗ ಬಿಟ್ಟು ಬೇಕಾದಾಗ ಎಳೆದುಕೊಳ್ಳುವುದು. ಹೊಟ್ಟೆಗಾಗಿ ಮೀನು ಹಿಡಿಯುವುದು ಬೇರೆ, ಶೌಕಿಗಾಗಿ ಹಿಡಿಯುವುದು ಬೇರೆ ಎಂದು ಅವನು ಸೈಕಲ್ ಟ್ಯೂಬು ತಿಕ್ಕುತ್ತಲೇ ಉಪದೇಶ ಮಾಡುತ್ತಿದ್ದ.

ರಂಜಾನಿನ ಹಿಂದಿನ ಒಂದು ಸೋಮವಾರ. ಸೋಮವಾರ ಶಿವನ ವಾರ, ನೀಲಕಂಠನ ಅಂಗಡಿ ಬಂದ್. ಖಾಜಾಮಿಯಾನಿಗೆಂದು ಹೊಲಿದಿಟ್ಟ ಪೈಜಾಮವನ್ನು ಕೊಟ್ಟು ಬರೋಣವೆಂದು ನೀಲಕಂಠ ಅವನು ಗಾಳ ಹಾಕಿ ಕೂತಿದ್ದ ಕಾಲುವೆಯ ತನಕ ಹೋದ. ಖಾಜಾಮಿಯಾ ಪೈಜಾಮ ಇಸಿದುಕೊಂಡು, ನಮಾಜಿನ ಹೊತ್ತಾಯಿತು, ಐದು ನಿಮಿಷ ಹಿಡಿದುಕೊಂಡಿರು ಎಂದು ಕೋಲನ್ನು ಇವನ ಕೈಗೆ ಕೊಟ್ಟು ಹೋದ. ಆ ಐದು ನಿಮಿಷದಲ್ಲೇ ಆಗಬಾರದ್ದು ಆಯಿತು. ನೀರಿನ ಕೆಳಗಿನಿಂದ ಯಾರೋ ಜೀವವಿದ್ದವರು ದಾರವನ್ನು ಜಗ್ಗಿದರು. ಆ ಜಗ್ಗಾಟ ನೀಲಕಂಠನ ಮುಂಗೈಯಿಂದ ಹೊರಟು ಮೊಳಕೈ ದಾಟಿ ಎದೆಗೆ ಬಂದು ಮುಟ್ಟಿತು. ಮೀನು ತಪ್ಪಿಸಿಕೊಂಡಿತು. ಮನುಷ್ಯ ಸಿಕ್ಕಿಬಿದ್ದ.

ಮುಂದಿನ ಸೋಮವಾರ ಹಳ್ಳಿಗಳಿಗೆ ಅಳತೆ ತರಲು ಹೋಗುತ್ತೇನೆಂದು ಭಾಗಮ್ಮನಿಗೆ ಹೇಳಿ ಹೊರಟ. ಅದು ಮೊದಲ ಸುಳ್ಳು. ಆಮೇಲೆ ಆರು ವರ್ಷ, ಸೋಮವಾರಕ್ಕೊಂದರಂತೆ ಅದೇ ಸುಳ್ಳು. ನಿಜ ಹೇಳಬಾರದಿತ್ತೇ ಎನ್ನಬೇಡಿ. ಖಾಜಾಮಿಯಾ ಒಮ್ಮೆ ತನ್ನ ಮೀನಿನ ಚೀಲವನ್ನು ಟೇಲರ್ ಅಂಗಡಿಯ ಕಟ್ಟೆಯ ಮೇಲೆ ಅರ್ಧ ತಾಸು ಇಟ್ಟಿದ್ದಕ್ಕೆ ಭಾಗಮ್ಮ ಇಡೀ ಅಂಗಡಿಯನ್ನು ಸಗಣಿ ಹಾಕಿ ಸಾರಿಸಿದ್ದಳು. ಮೀನು ತನ್ನ ಹೊಸ್ತಿಲಿಗೆ ಬಂದ ದಿನ ತಾನು ತವರಿನ ಹೊಸ್ತಿಲಲ್ಲಿರುತ್ತೇನೆ ಎಂದೂ ಹೇಳಿದ್ದಳು. ಆಕೆ ಹೇಳಿದ್ದನ್ನು ಮಾಡುವವಳು. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಕಳಿಸಿದ ಮೇಲೆ ಮನೆಯಲ್ಲಿ ಇವರಿಬ್ಬರೇ. ಆಕೆಯೂ ಹೋದರೆ ನೀಲಕಂಠ ಯಾರ ಮುಖ ನೋಡಿಕೊಂಡು ರೊಟ್ಟಿ ತಿನ್ನಬೇಕು?

ಊರಾಚೆ ಅಂಬ್ರಪ್ಪ ಎಂಬ ರೈತನ ಹೊಲದ ಅಂಚಿಗೆ ಕಲ್ಲಿನ ಗುಂಡಿಯೊಂದಿತ್ತು. ಕಾಲುವೆ ಕಟ್ಟಲು ಕಲ್ಲು ಒಡೆದುಕೊಂಡು ಹೋದ ಗುಂಡಿ. ಕಾಲುವೆಯ ಬಸಿನೀರು ತುಂಬಿ ಅದು ಬಾವಿಯೂ ಅಲ್ಲದ, ಕೆರೆಯೂ ಅಲ್ಲದ ಒಂದು ಹೊಂಡವಾಗಿತ್ತು. ಅಲ್ಲಿ ನೀಲಕಂಠ ಒಂದು ದಿನ ಮರಲ್ ಮೀನನ್ನು ಕಂಡ. ಗುರುಮಿಠಕಲ್ ಕಡೆಯವರು ಅದನ್ನೇ ಕೊರಮೀನು ಎನ್ನುತ್ತಾರೆ. ಕಪ್ಪು ಮೈ, ಹಾವಿನಂಥ ತಲೆ, ಉಳಿದ ಮೀನುಗಳನ್ನೇ ಹಿಡಿದು ನುಂಗುವ ದರ್ಪ. ಆಗಾಗ ಮೇಲೆ ಬಂದು 'ಗುಳುಕ್' ಎಂದು ಗಾಳಿ ಕುಡಿದು ಹೋಗುತ್ತದೆ. ಅವನು ನೋಡುತ್ತಿದ್ದಂತೆಯೇ ಅದು ದಂಡೆಯ ಕಪ್ಪೆಯೊಂದನ್ನು ನೀರಿನಿಂದ ಅರ್ಧ ಮೈ ಮೇಲಕ್ಕೆತ್ತಿ ಎಗರಿಸಿಕೊಂಡು ಹೋಯಿತು. ನೀಲಕಂಠನಿಗೆ ಹೆದರಿಕೆಯಾಗಬೇಕಿತ್ತು. ಆದದ್ದು ಪ್ರೀತಿ.

ಈಗ ತೊಂದರೆ ನೋಡಿ. ಎರೆಹುಳ ಮುಟ್ಟಲು ಇವನ ಕೈ ಬಾರದು. ಕಪ್ಪೆಯನ್ನು ಗಾಳಕ್ಕೆ ಚುಚ್ಚುವುದೆಂದರೆ ಶಿವ ಶಿವಾ. ಹೀಗಾಗಿ ಮಾಂಸ ತಿನ್ನುವ ಮೀನಿಗೆ ಇವನು ಜೋಳದ ಹಿಟ್ಟಿನ ಉಂಡೆ ಕಟ್ಟಿಕೊಂಡು ಹೋದ. ಒಂದು ಸಲ ತುಪ್ಪ ಕಲಸಿದ. ಇನ್ನೊಂದು ಸಲ ಅಗಸಿ ಚಟ್ನಿ ಹಚ್ಚಿದ. ಶ್ರಾವಣದಲ್ಲಿ ಭಾಗಮ್ಮ ಮಾಡಿದ ಮಾದಲಿಯನ್ನೇ ಕಟ್ಟಿಕೊಂಡು ಹೋಗಿ, ಸಿಹಿ ಯಾರಿಗೆ ಬೇಡ ಎಂದು ಎಸೆದ. ಒಂದು ವರ್ಷ ಪೂರ್ತಿ ಹೀಗೇ ನಡೆಯಿತು. ಹಿಟ್ಟು ತಿನ್ನುವ ಬಡಪಾಯಿ ಮೀನುಗಳೆಲ್ಲ ಬಂದವು. ಮರಲ್ ಮಾತ್ರ ಕಣ್ಣೆತ್ತಿಯೂ ನೋಡಲಿಲ್ಲ. ಖಾಜಾಮಿಯಾ ಕೊನೆಗೆ ತಡೆಯಲಾರದೆ ಅಂದ:

"ಮಾಸ್ತರ, ಹುಲಿಗಿ ಹುಗ್ಗಿ ಇಟ್ಟು ಕುಂತ್ರ ಬರ್ತದೇನ್ರಿ?"

ಆ ಮಾತು ನಾಟಿತು. ಮರುದಿನ ನೀಲಕಂಠ ಅಂಗಡಿಯಲ್ಲಿ ಕೂತು ಕಪ್ಪೆಯನ್ನೇ ಹೊಲಿದ. ಹವಾಯಿ ಚಪ್ಪಲಿಯ ರಬ್ಬರನ್ನು ಕಪ್ಪೆಯ ಆಕಾರಕ್ಕೆ ಕತ್ತರಿಸಿ, ಕುಪ್ಪಸ ಹೊಲಿದು ಉಳಿದ ಹಸಿರು ಖಣದ ತುಂಡಿನಿಂದ ಅದಕ್ಕೊಂದು ಅಂಗಿ ತೊಡಿಸಿದ. ಕಣ್ಣಿಗೆ ಶರ್ಟಿನ ಸಣ್ಣ ಗುಂಡಿ ಎರಡು. ಹೊಟ್ಟೆಯಡಿ ಗಾಳ. ಮೀನಿಗೆ ಹೆಚ್ಚು ಗಾಯವಾಗಬಾರದೆಂದು ಗಾಳದ ಒಳಮುಳ್ಳನ್ನು ಅರದಿಂದ ಉಜ್ಜಿ ತೆಗೆದಿದ್ದ. ಖಾಜಾಮಿಯಾ ಅದನ್ನು ಅಂಗೈಯಲ್ಲಿಟ್ಟುಕೊಂಡು, ಇಷ್ಟು ಚಂದ ಅಂಗಿ ನನಗೂ ಹೊಲಿದಿಲ್ಲವಲ್ಲ ಎಂದು ಮುನಿಸು ಮಾಡಿದ.

ಖಣದ ಕಪ್ಪೆ ನೀರಿಗೆ ಬಿದ್ದ ಮೂರನೆಯ ಎಸೆತಕ್ಕೇ ಮರಲ್ ಬಂದು ಬಾಯಿ ಹಾಕಿತು. ನೀಲಕಂಠ ದಂಡೆಯ ಮೇಲೆ ಕುಣಿದ, ಜಾರಿ ಬಿದ್ದ, ಎದ್ದ, ಧೋತರ ಮೊಣಕಾಲಿಗೆ ಬಂದದ್ದೂ ಗೊತ್ತಾಗಲಿಲ್ಲ. ಮೀನನ್ನು ದಂಡೆಗೆ ತಂದವನು ಮಾಡಿದ ಕೆಲಸ ನೋಡಿ ಖಾಜಾಮಿಯಾನ ಬಾಯಿ ತೆರೆದೇ ಇತ್ತು. ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ಮೀನಿನ ಹಣೆ ಇರಬಹುದಾದ ಕಡೆ ಒಂದು ಗೆರೆ ಎಳೆದು, ತಪ್ಪಾಯಿತು ಮಾರಾಯಾ ಎಂದು ಕೈ ಮುಗಿದು, ಅದನ್ನು ಮೆಲ್ಲಗೆ ನೀರಿಗೆ ಬಿಟ್ಟ.

ಎರಡು ಹೊತ್ತಿನ ಊಟವನ್ನು ನೀರಿಗೆ ಹಾಕಿದಿರಲ್ಲ ಎಂದು ಖಾಜಾಮಿಯಾ ತಲೆ ತಲೆ ಬಡಿದುಕೊಂಡ. ತಿನ್ನುವುದಿಲ್ಲವೆಂದ ಮೇಲೆ ಹಿಡಿಯುವುದು ಯಾಕೆ ಎಂದ. ನೀಲಕಂಠ ಅವನನ್ನೇ ಕೇಳಿದ:

"ಗಾಳಿಪಟ ಹಾರಸ್ತೀರಲ್ಲ ಭಾಯಿ, ಇಳಿಸಿದ ಮ್ಯಾಲ ತಿಂತೀರೇನು?"

ಆ ಹೊಂಡದಲ್ಲಿ ಒಂದು ಮುದಿ ಮರಲ್ ಇತ್ತು. ತೋಳಿಗಿಂತ ಉದ್ದ, ತೊಡೆಯಷ್ಟು ದಪ್ಪ, ಮೇಲ್ದುಟಿ ಸೀಳಿ ಎರಡಾಗಿತ್ತು. ಖಾಜಾಮಿಯಾ ಅದಕ್ಕೆ ನವಾಬ ಎಂದು ಹೆಸರಿಟ್ಟಿದ್ದ. ಆರು ವರ್ಷದಲ್ಲಿ ನೀಲಕಂಠ ನವಾಬನನ್ನು ಹಿಡಿದದ್ದು ಮೂರೇ ಸಲ, ಬಿಟ್ಟದ್ದೂ ಮೂರು ಸಲ. ಮೂರನೆಯ ಸಲ ಬಿಟ್ಟಾಗ ಅದು ಓಡಿಹೋಗದೆ ಅವನ ಕೈಯಡಿಯಲ್ಲೇ ಒಂದು ಗಳಿಗೆ ನಿಂತಿತ್ತಂತೆ. ಇದನ್ನು ಹೇಳುವಾಗ ಅವನ ಕಣ್ಣು ಒದ್ದೆಯಾಗುತ್ತಿತ್ತು. ಹೇಳಲು ಖಾಜಾಮಿಯಾನೊಬ್ಬನೇ ಇದ್ದುದರಿಂದ ಅವನು ಅದನ್ನು ನಲವತ್ತು ಸಲ ಕೇಳಿದ್ದ.

ಆರನೆಯ ವರ್ಷದ ಬೇಸಿಗೆ ಬಂತು. ಕಾಲುವೆಗೆ ನೀರು ಬಂದ್ ಮಾಡಿ ಹದಿನೈದು ದಿನವಾಗಿತ್ತು. ಒಂದು ಭಾನುವಾರ ಸಂಜೆ ಅಂಬ್ರಪ್ಪ ಅಂಗಿಯ ಬಟ್ಟೆ ಹಿಡಿದುಕೊಂಡು ಅಂಗಡಿಗೆ ಬಂದ. ತೋಳಿನ ಅಳತೆ ಕೊಡುತ್ತ ಕೊಡುತ್ತಲೇ ಹೇಳಿದ: ಶೇಂಗಾಕ್ಕೆ ಇನ್ನೊಂದೇ ನೀರು ಬೇಕಿತ್ತು, ಕಾಲುವೆ ಕೈಕೊಟ್ಟಿತು, ಕಲ್ಲಿನ ಹೊಂಡಕ್ಕೆ ನಾಳೆ ಹತ್ತು ಗಂಟೆಗೆ ಎಂಜಿನ್ ಹಚ್ಚಿ ತಳ ಕಾಣುವತನಕ ಎತ್ತಿಬಿಡುತ್ತೇನೆ. ಓಣಿಯವರಿಗೆಲ್ಲ ಬುಟ್ಟಿ ತರಲು ಹೇಳಿದ್ದೇನೆ, ಒಂದು ಹಿರಿಯ ಮರಲ್ ಇದೆಯಂತೆ, ಅದೊಂದೇ ಹತ್ತು ಜನಕ್ಕಾಗುತ್ತದೆ ಎಂದೂ ಸೇರಿಸಿದ. ನೀಲಕಂಠನ ಕೈಯಲ್ಲಿದ್ದ ಟೇಪು ಅಂಬ್ರಪ್ಪನ ಹೆಗಲ ಮೇಲೆಯೇ ನಿಂತಿತು. ಬೆಳೆ ಉಳಿಸಿಕೊಳ್ಳುವವನಿಗೆ ಬೇಡವೆನ್ನುವುದು ಹೇಗೆ? ಅಂಬ್ರಪ್ಪನ ತೋಳಿನ ಅಳತೆಯನ್ನು ಎರಡು ಇಂಚು ತಪ್ಪು ಬರೆದುಕೊಂಡ, ಅಷ್ಟೇ.

ಹತ್ತು ಗಂಟೆಯೊಳಗೆ ನವಾಬನನ್ನು ಹಿಡಿಯಬೇಕು, ಹಿಡಿದು ಬೇರೆ ನೀರಿಗೆ ಸಾಗಿಸಬೇಕು. ಮರಲ್ ಗಟ್ಟಿ ಜೀವ, ಮೈ ಒದ್ದೆಯಾಗಿದ್ದರೆ ಅರ್ಧ ದಿನ ನೀರಿನ ಹೊರಗೂ ತಾಳುತ್ತದೆ. ತಾಳದೆ ಇದ್ದದ್ದು ಇವನ ಎದೆ. ಅಷ್ಟು ದೊಡ್ಡ ಮೀನನ್ನು ಹಾಡಹಗಲೇ ಹೊತ್ತುಕೊಂಡು ಊರಿನ ನಡುವೆ ಹೋದರೆ ಭಾಗಮ್ಮನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು? ಮುಟ್ಟಿದರೆ ಆಕೆಯ ಟ್ರಂಕು ಕೆಳಗಿಳಿಯಲು ಎಷ್ಟು ಹೊತ್ತು? ಇವೆಲ್ಲವನ್ನೂ ಅವನು ಯೋಚಿಸಿದ. ಯೋಚಿಸಿದ ಮೇಲೂ ಸೋಮವಾರ ಬೆಳಕು ಹರಿಯುತ್ತಿದ್ದಂತೆ ಖಾಜಾಮಿಯಾನನ್ನು ಎಬ್ಬಿಸಿಕೊಂಡು ಹೊಂಡದ ದಾರಿ ಹಿಡಿದ.

ನವಾಬ ಎದ್ದೇ ಇದ್ದ. 'ಗುಳುಕ್' ಎಂದು ಗಾಳಿ ಕುಡಿದು ತಾನಿದ್ದೇನೆಂದು ತೋರಿಸಿದ. ನೀಲಕಂಠ ಕಪ್ಪೆ ಎಸೆದ. ನವಾಬ ಅದರ ಹತ್ತಿರ ಬಂದ, ನೋಡಿದ, ತಿರುಗಿ ಹೋದ. ಮತ್ತೆ ಎಸೆದ. ಮತ್ತೆ ಬಂದ, ನೋಡಿದ, ಹೋದ. ಮೂರು ಸಲ ಮೋಸಹೋದವನು ನಾಲ್ಕನೆಯ ಸಲಕ್ಕೆ ಬುದ್ಧಿ ಕಲಿತಿದ್ದ. ಏಳಾಯಿತು, ಎಂಟಾಯಿತು. ಒಂಬತ್ತಕ್ಕೆ ಅಂಬ್ರಪ್ಪ ಎತ್ತಿನ ಗಾಡಿಯಲ್ಲಿ ಎಂಜಿನ್ ಹೇರಿಕೊಂಡು ಬಂದೇಬಿಟ್ಟ. ಲಿಂಗ ಕಟ್ಟಿಕೊಂಡ ಟೇಲರ್ ಮಾಸ್ತರ ಗಾಳದ ಕೋಲು ಹಿಡಿದು ನಿಂತದ್ದನ್ನು ಕಂಡು ಗಾಡಿಯಿಂದ ಇಳಿಯುವುದನ್ನೇ ಮರೆತ. ಖಾಜಾಮಿಯಾ ಅವನನ್ನು ಬದಿಗೆ ಕರೆದು ಎಲ್ಲ ಹೇಳಿದ. ಅಂಬ್ರಪ್ಪ ತಲೆಯ ರುಮಾಲು ಬಿಚ್ಚಿ, ಮುಖ ಒರೆಸಿಕೊಂಡು, ಇಂಥದ್ದನ್ನು ನೋಡಲು ಒಂದು ತಾಸು ಕೊಟ್ಟರೆ ಶೇಂಗಾ ಏನೂ ಸಾಯುವುದಿಲ್ಲ ಎಂದು ಗಾಡಿಯ ಮೂಕಿಯ ಮೇಲೆ ಆರಾಮಾಗಿ ಕೂತ.

ಅಷ್ಟರಲ್ಲಿ ಹೊಲದ ಬದುವಿನ ಮೇಲೆ ಭಾಗಮ್ಮ ಕಾಣಿಸಿದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಏನನ್ನೋ ಮುಷ್ಟಿಮಾಡಿ ಹಿಡಿದುಕೊಂಡು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿ ಗಂಡನ ಜಾಡು ಹಿಡಿದವಳು ನೆಲ ಅದುರುವ ಹಾಗೆ ಬರುತ್ತಿದ್ದಳು. ನೀಲಕಂಠ ಕೋಲನ್ನು ಬೆನ್ನ ಹಿಂದೆ ಮುಚ್ಚಿಕೊಂಡ. ಎಂಟು ಅಡಿಯ ಕೋಲು ಅದು, ಬೆನ್ನಿನ ಎರಡೂ ಕಡೆ ಕಾಣುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಭಾಗಮ್ಮ ಕೋಲು ನೋಡಲಿಲ್ಲ, ಹೊಂಡ ನೋಡಲಿಲ್ಲ. ಸುತ್ತಲಿನ ಗಿಡಗಂಟಿಗಳನ್ನೆಲ್ಲ ಒಂದು ಸುತ್ತು ಕಣ್ಣಲ್ಲೇ ಜಾಲಾಡಿ ಕೇಳಿದಳು:

"ಎಲ್ಲಿ ಅದಾಳ ಅಕಿ?"

ಯಾವಾಕೆ ಎಂದು ನೀಲಕಂಠ ತೊದಲಿದ. ಭಾಗಮ್ಮ ಮುಷ್ಟಿ ಬಿಚ್ಚಿ ಅವನ ಮುಖದ ಮುಂದೆ ಹಿಡಿದಳು. ಹೊಲಿಗೆ ಯಂತ್ರದ ಡ್ರಾವರಿನಲ್ಲಿ ಅವನು ಅರ್ಧ ಹೊಲಿದು ಇಟ್ಟಿದ್ದ ಹೊಸ ಕಪ್ಪೆಯ ಅಂಗಿ. ಇನ್ನೂ ರಬ್ಬರ್ ತುಂಬಿರಲಿಲ್ಲ. ನೋಡಿದರೆ ಹಸುಗೂಸಿನ ಕುಲಾಯಿಯ ಹಾಗೇ ಇತ್ತು.

"ಯಾರ ಕೂಸಿಗ್ರಿ ಈ ಕುಲಾಯಿ? ಆರು ವರ್ಷ ಆತು, ಸೋಮಾರಕ್ಕೊಮ್ಮೆ ಅಳತಿ ಅಂತ ಹೋಗ್ತೀರಿ, ಒಂದು ಅಳತೀನೂ ತಂದಿಲ್ಲ. ಖಣದ ತುಂಡು ಮಂಗಮಾಯ ಆಗ್ತಾವ. ತಲಿ ಮ್ಯಾಲ ನೀರು ಹಾಕ್ಕೊಂಡು, ಹಾಡು ಹೇಳ್ಕೋತ ಮನಿಗಿ ಬರ್ತೀರಿ. ನಾ ಕುರುಡಿ ಅಂತ ತಿಳ್ಕೊಂಡೀರೇನು?"

ಆಕೆಯ ದನಿ ಕೊನೆಯಲ್ಲಿ ಒಡೆಯಿತು. ನೀಲಕಂಠನಿಗೆ ಆಗ ಹೊಳೆಯಿತು, ತಾನು ಮೀನನ್ನು ಮುಚ್ಚಿಟ್ಟಿದ್ದೇನೆಂದು ಬೀಗುತ್ತಿದ್ದಾಗ ಆಕೆ ಒಬ್ಬಳೇ ಎಂಥ ಬೆಂಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ್ದಾಳೆ ಎಂದು. ಖಾಜಾಮಿಯಾನೇ ಗಂಟಲು ಸರಿಮಾಡಿಕೊಂಡು ಹೊಂಡದ ಕಡೆ ಬೆರಳು ತೋರಿಸಿದ.

"ಅಕಿ ಅಲ್ಲಿ ನೀರಾಗ ಅದಾಳ, ಭಾಬಿ."

ನವಾಬನೂ ಅದೇ ಹೊತ್ತು ನೋಡಿಕೊಂಡವನಂತೆ ಮೇಲೆ ಬಂದು ಗಾಳಿ ಕುಡಿದು ಹೋದ. ನೀಲಕಂಠ ಕೋಲನ್ನು ಮುಂದೆ ತಂದ, ಕಪ್ಪೆಯನ್ನು ತೋರಿಸಿದ, ಪೈಜಾಮದಿಂದ ಹಿಡಿದು ಮಾದಲಿಯ ತನಕ, ವಿಭೂತಿಯಿಂದ ಹಿಡಿದು ಎಂಜಿನ್ನಿನ ತನಕ ಒಂದೇ ಉಸಿರಿಗೆ ಒಪ್ಪಿಸಿದ. ಭಾಗಮ್ಮ ಕೇಳುತ್ತ ಕೇಳುತ್ತ ಬದುವಿನ ಮೇಲೆ ಕುಸಿದು ಕೂತಳು. ಮಾದಲಿಯ ಭಾಗಕ್ಕೆ ಬಂದಾಗ ಆಕೆಯ ಹೆಗಲು ಅಲುಗತೊಡಗಿತು. ಅಳುತ್ತಾಳೆಂದು ನೀಲಕಂಠ ಗಾಬರಿಯಾದ. ಆಕೆ ನಗುತ್ತಿದ್ದಳು. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಪಕ್ಕೆ ಹಿಡಿದುಕೊಂಡು ನಕ್ಕಳು. ಅದನ್ನು ಕಂಡು ಅಂಬ್ರಪ್ಪನೂ ನಕ್ಕ.

ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು ಒಂದೇ ಮಾತು ಕೇಳಿದಳು. ಹಿಡಿದ ಮೀನನ್ನು ಒಂದನ್ನೂ ತಿಂದಿಲ್ಲ ತಾನೇ? ನೀಲಕಂಠ ಲಿಂಗ ಮುಟ್ಟಿಕೊಂಡು ಇಲ್ಲವೆಂದ. ಹಾಗಾದರೆ ಆ ಮುದಿಜೀವವನ್ನು ಬೇಗ ಹಿಡಿದು ಉಳಿಸಿರಿ, ನಿಂತು ನೋಡುವುದೇನು ಎಂದಳು. ಅದು ಬರುತ್ತಿಲ್ಲ, ಬಿಸಿಲು ಏರಿದೆ, ನೀರು ತಿಳಿಯಾಗಿದೆ, ಗಾಳಿ ಆ ಕಡೆಯಿಂದ ಬೀಸುತ್ತಿದೆ ಎಂದು ನೀಲಕಂಠ ಕಾರಣಗಳ ಪಟ್ಟಿಯನ್ನೇ ಹೇಳಿದ.

"ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ," ಎಂದು ಭಾಗಮ್ಮ ಕಪ್ಪೆಯನ್ನು ಅವನ ಕೈಯಿಂದ ಕಸಿದುಕೊಂಡಳು.

ಇಲ್ಲಿ ಒಂದು ಮಾತು ಹೇಳಬೇಕು. ಆ ಅಂಗಡಿಯಲ್ಲಿ ಕತ್ತರಿ ಹಿಡಿಯುವವನು ನೀಲಕಂಠನಾದರೂ ಕೈಹೊಲಿಗೆಯೆಲ್ಲ ಭಾಗಮ್ಮನದು. ಹೆಮ್ಮಿಂಗು, ಕಾಜು, ಹುಕ್ಕು, ಎಲ್ಲ. ಕೆಟ್ಟ ಹೊಲಿಗೆ ಕಂಡರೆ ಆಕೆಗೆ ಮೈ ಉರಿಯುತ್ತದೆ, ಅದು ಪರಊರಿನ ಮದುಮಗಳ ಮೈಮೇಲಿದ್ದರೂ ಸರಿ. ಕಪ್ಪೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಹಿಂಗಾಲುಗಳನ್ನು ಹೊಟ್ಟೆಗೆ ಸೇರಿಸಿ ಹೊಲಿದವರು ಯಾರು, ಕಾಲಾಡಿಸದ ಕಪ್ಪೆಯನ್ನು ಭೂಮಿಯ ಮೇಲೆ ಯಾರಾದರೂ ಕಂಡಿದ್ದೀರಾ ಎಂದು ಮೂವರು ಗಂಡಸರನ್ನೂ ಒಟ್ಟಿಗೆ ಬೈದಳು. ಕುಪ್ಪಸಕ್ಕೆ ಸಿಕ್ಕಿಸಿಕೊಂಡಿದ್ದ ಸೂಜಿದಾರ ತೆಗೆದಳು. ಹಲ್ಲಿನಿಂದ ಹಳೇ ಹೊಲಿಗೆ ಕಡಿದು, ಎರಡು ಕಾಲನ್ನೂ ಬಿಡಿಸಿ, ಜೋತಾಡುವಂತೆ ಸಡಿಲವಾಗಿ ಹೊಲಿದಳು. ಆಮೇಲೆ ಕೋಲನ್ನೂ ಇಸಿದುಕೊಂಡಳು. ಎಸೆಯುವುದು ಹೇಗೆಂದು ನೀಲಕಂಠ ತೋರಿಸಹೋದರೆ, ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿ ಬೆಳೆದವಳು ನಾನು, ದೂರ ಸರಿಯಿರಿ ಎಂದಳು.

ಕಪ್ಪೆ ಹೋಗಿ ಹೊಂಡದ ಆಚೆ ದಂಡೆಯ ಕಲ್ಲಿನ ಮೇಲೆಯೇ ಬಿತ್ತು. ತಪ್ಪಿತು ಎಂದು ನೀಲಕಂಠ ನಾಲಿಗೆ ಕಚ್ಚಿಕೊಂಡ. ಭಾಗಮ್ಮ ಅವಸರ ಮಾಡಲಿಲ್ಲ. ಕಲ್ಲಿನ ಮೇಲೆ ಅದನ್ನು ಕೂರಿಸಿದಳು. ಆಮೇಲೆ ದಾರವನ್ನು ಒಂಚೂರೇ ಜಗ್ಗಿ ನೀರಿಗೆ 'ತುಪುಕ್' ಎನಿಸಿದಳು. ನಿಲ್ಲಿಸಿದಳು. ಮತ್ತೆ ಒಂದು ಗೇಣು. ಮತ್ತೆ ನಿಲ್ಲಿಸಿದಳು. ಬಚ್ಚಲ ಹಿಂದಿನ ಕಪ್ಪೆಗಳನ್ನು ಮೂವತ್ತು ವರ್ಷ ದಿನಬೆಳಗಾದರೆ ನೋಡಿದವಳಿಗೆ ಕಪ್ಪೆ ಹೇಗೆ ಹೋಗುತ್ತದೆಂದು ಯಾರು ಹೇಳಿಕೊಡಬೇಕು? ಕಾಲುಗಳು ನೀರಿನಲ್ಲಿ ಹಿಗ್ಗಿ ಕುಗ್ಗಿದವು. ನೋಡುತ್ತಿದ್ದ ಖಾಜಾಮಿಯಾ ಉಸಿರು ಬಿಡುವುದನ್ನು ನಿಲ್ಲಿಸಿದ.

ನೀರು ಒಡೆದ ಸದ್ದಿಗೆ ಗಾಡಿಯ ಎತ್ತುಗಳು ಬೆಚ್ಚಿದವು.

ಗಿರಕಿ ಕಿರಗುಟ್ಟಿತು. ಭಾಗಮ್ಮ ಎರಡು ಹೆಜ್ಜೆ ಮುಂದಕ್ಕೆ ಎಳೆಯಲ್ಪಟ್ಟಳು. ನೀಲಕಂಠ ಹಿಡಿಯಲು ಓಡಿದರೆ ಮೊಳಕೈಯಿಂದ ಅವನನ್ನು ಆಚೆ ತಳ್ಳಿದಳು. ನವಾಬ ತಳಕ್ಕೆ ಹೋದ, ಕಲ್ಲಿನ ಸಂದಿಗೆ ನುಗ್ಗಲು ನೋಡಿದ, ಮೇಲೆ ಬಂದು ತಲೆ ಕೊಡವಿದ. ದಾರ ಬಿಡು, ಈಗ ಎಳಿ, ಕೋಲು ಎತ್ತಿ ಹಿಡಿ ಎಂದು ನೀಲಕಂಠನೂ ಖಾಜಾಮಿಯಾನೂ ಎರಡು ಕಡೆಯಿಂದ ಕೂಗುತ್ತಿದ್ದರು. ಆಕೆಗೆ ಒಂದೂ ಕೇಳುತ್ತಿರಲಿಲ್ಲ. ಆಕೆಯ ಮುಖವನ್ನು ನೀಲಕಂಠ ಆಗ ನೋಡಿದ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅಂಥ ಮುಖವನ್ನು ಅವನು ನೋಡಿರಲಿಲ್ಲ. ತುಟಿ ಕಚ್ಚಿಕೊಂಡು, ಕಣ್ಣು ಅರಳಿಸಿಕೊಂಡು, ಆಡಲು ಬಿಟ್ಟ ಹುಡುಗಿಯ ಹಾಗಿದ್ದಳು. ಅವನಿಗೆ ಮೀನು ಮರೆತೇಹೋಯಿತು.

ನವಾಬ ದಣಿದು ದಂಡೆಗೆ ಬಂದಾಗ ನಾಲ್ವರೂ ಮೊಣಕಾಲು ನೀರಿನಲ್ಲಿದ್ದರು. ಖಾಜಾಮಿಯಾ ಒದ್ದೆ ಗೋಣಿಚೀಲ ಹಾಸಿ ಅದನ್ನು ಎತ್ತಿಕೊಂಡ. ನೋಡಿ, ಇದು ನವಾಬನಲ್ಲ, ಹೊಟ್ಟೆ ನೋಡಿದರೆ ಬೇಗಂ ಎಂದ. ನಾನು ಬರುವಾಗಲೇ ಹೇಳಿದೆನಲ್ಲ, ನನ್ನ ಗಂಡ ಹೆಣ್ಣಿನ ಹಿಂದೆ ಬಿದ್ದಿದ್ದಾನೆಂದು, ಎಂದಳು ಭಾಗಮ್ಮ. ನೀಲಕಂಠ ವಿಭೂತಿ ತೆಗೆದು ಗೆರೆ ಎಳೆದ. ಭಾಗಮ್ಮ ಒಂದು ಗಳಿಗೆ ನೋಡಿದಳು, ಆಮೇಲೆ ತಾನೂ ಬೆರಳು ಚಾಚಿ ಆ ತಣ್ಣಗಿನ ತಲೆಯನ್ನು ಮುಟ್ಟಿದಳು.

ಎಲ್ಲಿಗೆ ಒಯ್ಯುವುದು ಎಂಬ ಪ್ರಶ್ನೆ ಎದ್ದಿತು. ಕಾಲುವೆ ಒಣಗಿತ್ತು. ಹೊಳೆಯ ತುಂಬ ಬಲೆ. ಭಾಗಮ್ಮನೇ ಹೇಳಿದಳು, ತನ್ನ ತವರೂರಿನಲ್ಲಿ ಒಂದು ಕೆರೆ ಇದೆ, ಅದು ದೇವರ ಕೆರೆ, ಅಲ್ಲಿ ಯಾರೂ ಬಲೆಯನ್ನೂ ಹಾಕುವುದಿಲ್ಲ, ಗಾಳವನ್ನೂ ಹಾಕುವುದಿಲ್ಲ. ಸುರಪುರದ ಬಸ್ಸಿಗೆ ಹೋದರೆ ಮುಕ್ಕಾಲು ತಾಸಿನ ದಾರಿ. ಅಂಬ್ರಪ್ಪ ಎಂಜಿನ್ನಿಗೆ ನೀರು ಹಾಕಲೆಂದು ತಂದಿದ್ದ ಅಗಲ ಬಾಯಿಯ ದೊಡ್ಡ ಕೊಡವನ್ನು ಕೊಟ್ಟ. ಹತ್ತು ಜನರ ಊಟ ಕೈತಪ್ಪಿದ್ದಕ್ಕೆ ಅವನಿಗೆ ಒಂದಿಷ್ಟು ಕೊರಗಿದ್ದರೂ, ಹೆಣ್ಣುಮಗಳು ತವರಿಗೆ ಒಯ್ಯುವುದನ್ನು ಬೇಡ ಎನ್ನಬಾರದು ಎಂದು ತಾನೇ ಸಮಾಧಾನ ಹೇಳಿಕೊಂಡು ಎಂಜಿನ್ನಿಗೆ ಹಗ್ಗ ಸುತ್ತಿದ.

ಬಸ್ಸಿನಲ್ಲಿ ಭಾಗಮ್ಮ ಕೊಡವನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು, ಬಾಯಿಗೆ ಒದ್ದೆ ಗೋಣಿ ಕಟ್ಟಿ ಕೂತಳು. ನೀಲಕಂಠ ಮುಖ ಮರೆಸಿಕೊಳ್ಳಲು ಕಿಟಕಿಯ ಕಡೆ ತಿರುಗಿದ. ಗುರುತಿನವರು ಐದಾರು ಜನ ಇದ್ದರು. ಕೊಡದೊಳಗಿನಿಂದ 'ಧಡ್' ಎಂದು ಸದ್ದು ಬಂದಾಗ ಕಂಡಕ್ಟರ್ ಏನಮ್ಮ ಅದು ಎಂದು ಕೇಳಿದ. ನೀಲಕಂಠ ಕಣ್ಣು ಮುಚ್ಚಿಕೊಂಡ. ಆರು ವರ್ಷ ಅವನು ಜೀವದ ಹಾಗೆ ಕಾಪಾಡಿಕೊಂಡು ಬಂದ ಗುಟ್ಟನ್ನು ಭಾಗಮ್ಮ ಟಿಕೆಟ್ ತೆಗೆದುಕೊಳ್ಳುವಷ್ಟರಲ್ಲಿ ಇಡೀ ಬಸ್ಸಿಗೆ ಹೇಳಿ ಮುಗಿಸಿದಳು. ಕಲ್ಲಿನ ಮೇಲಿಂದ ಕಪ್ಪೆಯನ್ನು ಹೇಗೆ ಇಳಿಸಿದೆ, ಅದು ಹೇಗೆ ಬಾಯಿ ಹಾಕಿತು, ಹೇಗೆ ತನ್ನನ್ನು ಎಳೆದೊಯ್ಯಲು ನೋಡಿತು ಎಂದು ಕೈಮಾಡಿ ತೋರಿಸುತ್ತ ಹೇಳಿದಳು. ಬೈಯುವವರು ಯಾರೂ ಇರಲಿಲ್ಲ. ಹಿಂದಿನ ಸೀಟಿನ ಹಿರಿಯರೊಬ್ಬರು ಗೋಣಿ ಸರಿಸಿ ಇಣುಕಿ ನೋಡಿ, ವಿಭೂತಿ ಕಂಡು ಕೈ ಮುಗಿದರು. ಊರು ಬಂದಾಗ ಕಂಡಕ್ಟರೇ ಕೊಡ ಇಳಿಸಿಕೊಟ್ಟ.

ಕೆರೆಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಕೊಡವನ್ನು ಮೆಲ್ಲಗೆ ಓರೆ ಮಾಡಿದರು. ಬೇಗಂ ತಲೆ ಹೊರಹಾಕಿತು, ಹೊಸ ನೀರನ್ನು ಒಂದು ಗಳಿಗೆ ಮೂಸಿತು, ಒಮ್ಮೆ ಬಾಲ ಬಡಿದು ಇಬ್ಬರ ಮುಖಕ್ಕೂ ನೀರು ಸಿಡಿಸಿ ಹೋಯಿತು. ಬಹಳ ಹೊತ್ತಾದ ಮೇಲೆ ಕೆರೆಯ ನಡುವೆ 'ಗುಳುಕ್' ಎಂದಿತು. ನೀಲಕಂಠ ಅಳುತ್ತಿದ್ದ, ಅದನ್ನು ಮುಚ್ಚಿಡಲೂ ಇಲ್ಲ.

ಭಾಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನು ಬೈಗುಳ ಶುರುವಾಗುತ್ತದೆಂದು ನೀಲಕಂಠ ಕಾದ. ಆರು ವರ್ಷದಿಂದ ಅವನು ಉತ್ತರಗಳನ್ನು ಹೊಂದಿಸಿಟ್ಟುಕೊಂಡಿದ್ದ. ಪಾಪ ಎಂದರೆ ಏನು ಹೇಳಬೇಕು, ಸುಳ್ಳು ಎಂದರೆ ಏನು, ಸೋಮವಾರ ಎಂದರೆ ಏನು, ಖಣ ಎಂದರೆ ಏನು, ಎಲ್ಲಕ್ಕೂ. ಆಕೆ ಅವುಗಳಲ್ಲಿ ಒಂದನ್ನೂ ಕೇಳಲಿಲ್ಲ. ತನ್ನ ಎರಡು ಅಂಗೈಗಳನ್ನು ತೆರೆದು, ದಾರ ಕೊರೆದು ಮೂಡಿಸಿದ ಕೆಂಪು ಗೆರೆಗಳನ್ನು ನೋಡಿಕೊಂಡು, ಮೆಲ್ಲಗೆ ಕೇಳಿದಳು:

"ಇಷ್ಟು ವರ್ಷ ಇಂಥಾ ಸುಖಾನ ಒಬ್ರ ಉಂಡ್ರೇನ್ರಿ?"